ದಿನಕ್ಕೆ ಆರು ಬ್ರೆಜಿಲ್ ನಟ್: ಸೆಲೆನಿಯಂ ಎಷ್ಟು ಬೇಕು, ಎಷ್ಟಾದರೆ ಜಾಸ್ತಿ?

ಪ್ರಶ್ನೆ: ನನಗೆ 38 ವರ್ಷ, ಊರು ದಾವಣಗೆರೆ. ನಾಲ್ಕು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೊಳ್ತಿದ್ದೇನೆ. ಆರೇಳು ತಿಂಗಳಿಂದ ಕೂದಲು ತುಂಬಾ ಉದುರುತ್ತಿದೆ. ಥೈರಾಯ್ಡ್‌ಗೂ ಕೂದಲಿಗೂ ಸೆಲೆನಿಯಂ ಅನ್ನುವ ಖನಿಜ ಒಳ್ಳೆಯದು ಅಂತ ರೀಲ್ಸ್‌ನಲ್ಲಿ ನೋಡಿದೆ. ದುಬೈಯಿಂದ ಬಂದ ನಾದಿನಿ ಎರಡು ಡಬ್ಬ ಬ್ರೆಜಿಲ್ ನಟ್ ಕೊಟ್ಟಳು. ದಿನಕ್ಕೆ ಆರು ತಿನ್ನುತ್ತಿದ್ದೇನೆ. ಜೊತೆಗೆ 200 ಮೈಕ್ರೋಗ್ರಾಂನ ಸೆಲೆನಿಯಂ ಕ್ಯಾಪ್ಸೂಲ್, ಒಂದು ಮಲ್ಟಿವಿಟಮಿನ್ (ಅದರಲ್ಲೂ 50 ಇದೆ). ಮರೆಯಬಾರದು ಅಂತ ಎಲ್ಲ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಜೊತೆಗೇ ನುಂಗುತ್ತೇನೆ. ಮೂರು ತಿಂಗಳಾಯಿತು, ಕೂದಲು ಇನ್ನೂ ಜಾಸ್ತಿ ಉದುರುತ್ತಿದೆ. ಉಗುರಿನ ಮೇಲೆ ಬಿಳಿ ಗೆರೆ ಬಂದಿವೆ. ಬಾಯಿ ಬೆಳ್ಳುಳ್ಳಿ ವಾಸನೆ ಬರುತ್ತೆ ಅಂತಾರೆ ಮನೆಯವರು, ನಾವು ಅಡುಗೆಗೆ ಬೆಳ್ಳುಳ್ಳಿ ಹಾಕುವುದೇ ಇಲ್ಲ! ಡೋಸ್ ಇನ್ನೂ ಜಾಸ್ತಿ ಮಾಡಬೇಕಾ? ಇನ್ನೊಂದು, ತಲೆಹೊಟ್ಟಿಗೆ ಚರ್ಮದ ಡಾಕ್ಟರು ಬರೆದುಕೊಟ್ಟ ಶಾಂಪೂವಿನಲ್ಲೂ ಸೆಲೆನಿಯಂ ಅಂತ ಇದೆ. ಅದನ್ನೂ ಬಿಡಬೇಕಾ?

ಉತ್ತರ: ಜಾಸ್ತಿ ಮಾಡಬೇಡಿ ತಾಯಿ, ಇವತ್ತೇ ನಿಲ್ಲಿಸಿ. ಕ್ಯಾಪ್ಸೂಲ್ ಪೂರ್ತಿ, ಬ್ರೆಜಿಲ್ ನಟ್ ಪೂರ್ತಿ, ಮಲ್ಟಿವಿಟಮಿನ್ ಕೂಡ ಸದ್ಯಕ್ಕೆ ಬೇಡ. ಥೈರಾಯ್ಡ್ ಮಾತ್ರೆ ಮಾತ್ರ ಬಿಡಬೇಡಿ, ಅದರ ವಿಷಯ ಆಮೇಲೆ ಹೇಳುತ್ತೇನೆ. ಈ ಪತ್ರ ಓದುತ್ತಾ ಹೋದ ಹಾಗೆ ನನಗೆ ಗಾಬರಿಯಾಗಿದ್ದು ಕೂದಲಿನ ಸಾಲಿಗಲ್ಲ, ಬೆಳ್ಳುಳ್ಳಿಯ ಸಾಲಿಗೆ.

ಅತಿಯಾದರೆ ಅಮೃತವೂ ವಿಷ ಅಂತ ಗಾದೆ ಹೇಳಿ ಮುಗಿಸಬಹುದಿತ್ತು. ಆದರೆ ನಿಮಗೆ ಬೇಕಾಗಿರುವುದು ಗಾದೆಯಲ್ಲ, ಲೆಕ್ಕ. ಹಾಗಾಗಿ ಮೊದಲು ಲೆಕ್ಕ ಹಾಕೋಣ.

ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಬೇಕು ಅಂತ ಹೇಳುವ ಸೆಲೆನಿಯಂ 40 ಮೈಕ್ರೋಗ್ರಾಂ. ಅಮೆರಿಕದವರು 55 ಅನ್ನುತ್ತಾರೆ, ಬಸುರಿಯರಿಗೆ 60, ಮೊಲೆಯೂಡಿಸುವವರಿಗೆ 70. ಮೈಕ್ರೋಗ್ರಾಂ ಅಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು, ಮಿಲಿಗ್ರಾಂ ಅಲ್ಲ, ಇವೆರಡನ್ನು ಅದಲು ಬದಲು ಮಾಡಿಕೊಂಡು ಓದುವವರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಈಗ ನಿಮ್ಮ ಬೆಳಗಿನ ತಟ್ಟೆಗೆ ಬನ್ನಿ. 28 ಗ್ರಾಂ ಬ್ರೆಜಿಲ್ ನಟ್‌ನಲ್ಲಿ, ಅಂದರೆ ಆರರಿಂದ ಎಂಟು ಕಾಳಿನಲ್ಲಿ, ಸರಾಸರಿ 544 ಮೈಕ್ರೋಗ್ರಾಂ ಸೆಲೆನಿಯಂ ಇರುತ್ತದೆ. ನಿಮ್ಮ ಆರು ಕಾಳಿಗೆ 400ರಿಂದ 500 ಅಂತ ಇಟ್ಟುಕೊಳ್ಳಿ. ಕ್ಯಾಪ್ಸೂಲಿನದು 200. ಮಲ್ಟಿವಿಟಮಿನ್ 50. ಚಪಾತಿ, ಬೇಳೆ, ಮೊಸರಿನಿಂದ ಬರುವುದು ಬೇರೆ. ಒಟ್ಟು 700 ದಾಟಿತು, ಅದೂ ಮೂರು ತಿಂಗಳು, ಒಂದು ದಿನವೂ ತಪ್ಪದೆ.

ಇದಕ್ಕೆ ಮೇಲಿನ ಮಿತಿ ಅಂತ ಒಂದಿದೆ, ಅಷ್ಟರ ಮೇಲೆ ದಿನವೂ ತೆಗೆದುಕೊಳ್ಳಬಾರದು. ಅಮೆರಿಕದಲ್ಲಿ ಅದು 400. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಅದನ್ನು 255ಕ್ಕೆ ಇಳಿಸಿತು. ಯಾಕೆ ಗೊತ್ತಾ? ಸೆಲೆನಿಯಂ ಜಾಸ್ತಿಯಾದಾಗ ಮೊದಲು ಕಾಣುವ ತೊಂದರೆ ಯಾವುದು ಅಂತ ಹುಡುಕಿದಾಗ ಅವರಿಗೆ ಸಿಕ್ಕಿದ್ದು ಕೂದಲು ಉದುರುವಿಕೆ! ದಿನಕ್ಕೆ ಸುಮಾರು 330 ಮೈಕ್ರೋಗ್ರಾಂ ಹೋಗುತ್ತಿದ್ದವರಲ್ಲೇ ಅದು ಕಂಡಿತ್ತು. ಅಂದರೆ ನೀವು ಕೂದಲು ಉಳಿಯಲಿ ಅಂತ ತಿನ್ನುತ್ತಿರುವುದೇ ಕೂದಲು ಉದುರಿಸುತ್ತಿರಬಹುದು. ಮೊದಲ ಮೂರು ನಾಲ್ಕು ತಿಂಗಳು ಉದುರಿದ್ದಕ್ಕೆ ಕಾರಣ ಬೇರೆ ಇರಬೇಕು, ಆದರೆ ಆಮೇಲೆ ಜಾಸ್ತಿಯಾಯಿತಲ್ಲ, ಅದರ ಮೇಲೆ ನನಗೆ ಅನುಮಾನ.

ಬೆಳ್ಳುಳ್ಳಿ ವಾಸನೆಗೂ ಅದೇ ಕಾರಣ. ಬೇಡದಷ್ಟು ಸೆಲೆನಿಯಂ ಒಳಗೆ ಹೋದಾಗ ದೇಹ ಅದನ್ನು ಮೂತ್ರದಲ್ಲಿ ಹೊರಹಾಕಲು ನೋಡುತ್ತದೆ, ಅದೂ ಸಾಲದಾದಾಗ ಡೈಮೀಥೈಲ್ ಸೆಲೆನೈಡ್ ಅನ್ನುವ ಅನಿಲವಾಗಿ ಮಾಡಿ ಉಸಿರಿನಲ್ಲಿ ಕಳಿಸುತ್ತದೆ. ಅದಕ್ಕೆ ಬೆಳ್ಳುಳ್ಳಿಯ ವಾಸನೆ. ಎಷ್ಟು ಬ್ರಷ್ ಮಾಡಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಬಾಯಿಂದ ಬರುತ್ತಿಲ್ಲ, ಶ್ವಾಸಕೋಶದಿಂದ ಬರುತ್ತಿದೆ. ನಿಮ್ಮ ಯಜಮಾನರ ಮೂಗಿಗೆ ಒಂದು ನಮಸ್ಕಾರ. ಉಗುರಿನ ಬಿಳಿ ಗೆರೆ ಬೇರೆ ಕಾರಣಕ್ಕೂ ಬರಬಹುದು, ಬಾಗಿಲಿಗೆ ಬಡಿದರೂ ಬರುತ್ತದೆ. ಆದರೆ ಕೂದಲು, ಉಗುರು, ವಾಸನೆ ಮೂರೂ ಒಟ್ಟಿಗೆ ಬಂದಾಗ ಸುಮ್ನೆ ಕೂರಬಾರದು. ಹೊಟ್ಟೆ ತೊಳಸುವುದು, ಭೇದಿ, ಸುಸ್ತು, ಕೈಕಾಲು ಜುಮ್ಮೆನ್ನುವುದು ಇದೆಯಾ ನೋಡಿಕೊಳ್ಳಿ. ಇದ್ದರೆ ಈ ವಾರವೇ ನಿಮ್ಮ ಡಾಕ್ಟರನ್ನು ಕಾಣಿ, ನೀವು ತಿನ್ನುತ್ತಿದ್ದ ಡಬ್ಬ ಬಾಟಲಿ ಎಲ್ಲ ಜೊತೆಗೆ ತೆಗೆದುಕೊಂಡು ಹೋಗಿ.

ಹಾಗಾದರೆ ಸೆಲೆನಿಯಂ ಕೆಟ್ಟದ್ದಾ? ಇಲ್ಲ, ಅದಿಲ್ಲದೆ ಬದುಕಲು ಆಗುವುದಿಲ್ಲ. 1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಗಂಧಕಾಮ್ಲದ ಕಾರ್ಖಾನೆಯ ಗಸಿಯಲ್ಲಿ ಇದನ್ನು ಕಂಡುಹಿಡಿದು, ಗ್ರೀಕರ ಚಂದ್ರದೇವತೆ ಸೆಲೀನೆಯ ಹೆಸರಿಟ್ಟ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಅದು ಬರೀ ವಿಷ ಅಂತಲೇ ಹೆಸರಾಗಿತ್ತು. 1957ರಲ್ಲಿ ಕ್ಲೌಸ್ ಶ್ವಾರ್ಟ್ಸ್ ಅನ್ನುವ ವಿಜ್ಞಾನಿ, ಚೂರೇ ಚೂರು ಸೆಲೆನಿಯಂ ಕೊಟ್ಟರೆ ಇಲಿಗಳ ಲಿವರ್ ಕೊಳೆಯುವುದು ನಿಲ್ಲುತ್ತದೆ ಅಂತ ತೋರಿಸಿದ. ಅಲ್ಲಿಂದ ಕಥೆ ತಿರುಗಿತು.

ದೇಹದಲ್ಲಿ ಅದರ ಕೆಲಸ ಹೀಗೆ. ಮನುಷ್ಯರಲ್ಲಿ ಸೆಲೆನಿಯಂ ಬೇಕೇ ಬೇಕಾದ ಪ್ರೋಟೀನ್‌ಗಳನ್ನು ಮಾಡುವ ಜೀನ್‌ಗಳು 25 ಇವೆ. ಒಂದು ಗುಂಪು ಜೀವಕೋಶದೊಳಗೆ ಹುಟ್ಟುವ ಪೆರಾಕ್ಸೈಡ್ ಅನ್ನುವ ಹಾನಿಕರ ವಸ್ತುಗಳನ್ನು, ಅವು ಜೀವಕೋಶವನ್ನು ಸುಡುವ ಮೊದಲೇ, ತಣ್ಣಗೆ ಮಾಡುತ್ತದೆ. ಇನ್ನೊಂದು ಗುಂಪು ನಿಮಗೆ ಬೇಕಾದದ್ದು. ನೀವು ನುಂಗುವ ಥೈರಾಯ್ಡ್ ಮಾತ್ರೆ ಟಿ4, ದೇಹ ಬಳಸುವುದು ಟಿ3. ಟಿ4ನಿಂದ ಒಂದು ಅಯೋಡಿನ್ ಕಿತ್ತು ಟಿ3 ಮಾಡುವ ಕಿಣ್ವದ ಹೃದಯದಲ್ಲಿ ಕೂತಿರುವುದು ಸೆಲೆನಿಯಂ. ಥೈರಾಯ್ಡ್ ಗ್ರಂಥಿಯಲ್ಲಿ ಗ್ರಾಂ ಲೆಕ್ಕಕ್ಕೆ ಬೇರೆ ಯಾವ ಅಂಗಕ್ಕಿಂತಲೂ ಹೆಚ್ಚು ಸೆಲೆನಿಯಂ ಇದೆ. ಹಾಗಾಗಿ ರೀಲ್ಸ್‌ನವರು ಹೇಳಿದ್ದರಲ್ಲಿ ಮೊದಲರ್ಧ ನಿಜ. ನನಗೆ ತುಂಬಾ ಇಷ್ಟವಾದ ಸಂಗತಿ ಒಂದು ಹೇಳಿಬಿಡುತ್ತೇನೆ: ಜೀನ್‌ಗಳ ಭಾಷೆಯಲ್ಲಿ 'ಇಲ್ಲಿಗೆ ನಿಲ್ಲಿಸು' ಅನ್ನಲು ಒಂದು ಗುರುತು ಇದೆ, ಈ 25 ಪ್ರೋಟೀನ್‌ಗಳ ವಿಷಯದಲ್ಲಿ ಮಾತ್ರ ದೇಹ ಅದೇ ಗುರುತನ್ನು 'ಇಲ್ಲಿ ಸೆಲೆನಿಯಂ ಸೇರಿಸು' ಅಂತ ಓದಿಕೊಳ್ಳುತ್ತದೆ. ಅಷ್ಟು ಮುತುವರ್ಜಿ ಅದಕ್ಕೆ.

ಆದರೆ ಆ ಪ್ರೋಟೀನ್‌ಗಳಿಗೆ ಬೇಕಾದಷ್ಟು ಸಿಕ್ಕ ಮೇಲೆ ಮುಗಿಯಿತು. ಇಡ್ಲಿ ಪಾತ್ರೆಯಲ್ಲಿ ಎಷ್ಟು ಕುಳಿ ಇವೆಯೋ ಅಷ್ಟೇ ಇಡ್ಲಿ, ಹಿಟ್ಟು ಇನ್ನೊಂದು ಬಕೆಟ್ ರುಬ್ಬಿದರೂ ಅಷ್ಟೇ. ಮಿಕ್ಕ ಹಿಟ್ಟು ಹುಳಿ ಬರುತ್ತದೆ ಅಷ್ಟೆ.

ಕೊರತೆ ಇದ್ದವರ ಕಥೆ ಬೇರೆಯೇ. ಚೀನಾದ ಈಶಾನ್ಯದಲ್ಲಿ ಕೆಶಾನ್ ಅನ್ನುವ ಊರಿನ ಕಡೆ 1935ರಲ್ಲಿ ಜನ ಹೃದಯ ಸೋತು ಸಾಯತೊಡಗಿದರು, ಹೆಚ್ಚಿನವರು ಸಣ್ಣ ಮಕ್ಕಳು, ಹರೆಯದ ಹೆಂಗಸರು. ಕೊನೆಗೆ ಗೊತ್ತಾಗಿದ್ದು ಏನೆಂದರೆ ಅಲ್ಲಿಂದ ನೈರುತ್ಯದವರೆಗೆ ಹಬ್ಬಿದ ಒಂದು ಉದ್ದ ಪಟ್ಟಿಯ ಮಣ್ಣಿನಲ್ಲೇ ಸೆಲೆನಿಯಂ ಇಲ್ಲ, ಜನ ತಿನ್ನುವುದು ಅದೇ ಮಣ್ಣಿನ ಮೆಕ್ಕೆಜೋಳ, ಅಕ್ಕಿ. 1974ರಲ್ಲಿ ಅದೇ ಪಟ್ಟಿಯ ಸಿಚುವಾನ್ ಪ್ರಾಂತ್ಯದಲ್ಲಿ ಮಕ್ಕಳಿಗೆ ವಾರಕ್ಕೊಂದು ಸೋಡಿಯಂ ಸೆಲೆನೈಟ್ ಮಾತ್ರೆ ಕೊಟ್ಟು ನೋಡಿದರು. ಮಾತ್ರೆ ಸಿಗದ 3,985 ಮಕ್ಕಳಲ್ಲಿ 54 ಮಂದಿಗೆ ಕಾಯಿಲೆ ಬಂತು, ಸಿಕ್ಕ 4,510 ಮಕ್ಕಳಲ್ಲಿ 10 ಮಂದಿಗೆ. ಇನ್ನೆರಡು ವರ್ಷದಲ್ಲಿ, ಕೊಡದೆ ಇರುವುದು ತಪ್ಪು ಅಂತ ಎಲ್ಲ ಮಕ್ಕಳಿಗೂ ಕೊಟ್ಟರು. ಬರೀ ಕೊರತೆಯೊಂದೇ ಅಲ್ಲ, ಕಾಕ್ಸಾಕಿ ಅನ್ನುವ ವೈರಸ್ ಕೂಡ ಸೇರಿಕೊಂಡಿತ್ತು. ಸೆಲೆನಿಯಂ ಇಲ್ಲದ ಇಲಿಗಳ ದೇಹದಲ್ಲಿ ಆ ಸಾಧು ವೈರಸ್ಸೇ ರೂಪ ಬದಲಿಸಿ ಹೃದಯ ಕೆಡಿಸುವಂಥದ್ದಾಯಿತು ಅಂತ ಆಮೇಲೆ ಪ್ರಯೋಗದಲ್ಲಿ ಕಂಡಿತು.

ಅದೇ ಚೀನಾದಲ್ಲಿ ಇನ್ನೊಂದು ಊರು, ಹುಬೆ ಪ್ರಾಂತ್ಯದ ಎನ್ಶಿ. ಅಲ್ಲಿನ ಕಲ್ಲಿದ್ದಲಿನಲ್ಲೇ ಸೆಲೆನಿಯಂ ತುಂಬಿದೆ, ಅದು ಮಣ್ಣಿಗಿಳಿದು ಬೆಳೆಗೆ ಏರುತ್ತದೆ. 1960ರ ದಶಕದ ಮೊದಲಲ್ಲಿ ಅಲ್ಲಿಯ ಹಳ್ಳಿಗಳಲ್ಲಿ ಜನರ ಕೂದಲು, ಉಗುರು ಉದುರಿ ಹೋದವು. ಒಂದೇ ದೇಶ, ಒಂದೇ ಖನಿಜ, ಒಂದು ಕಡೆ ಇಲ್ಲದೆ ಸತ್ತರು, ಇನ್ನೊಂದು ಕಡೆ ಜಾಸ್ತಿಯಾಗಿ ಬೋಳಾದರು. ಸೆಲೆನಿಯಂ ವಿಷಯದಲ್ಲಿ ಮಣ್ಣನ್ನು ಕೇಳದೆ ಮಾತ್ರೆ ಕೊಡಬಾರದು ಅಂತ ನಾನು ಹೇಳುವುದು ಇದಕ್ಕೇ.

ಫಿನ್ಲೆಂಡಿನವರು ಮಣ್ಣನ್ನು ಕೇಳಿದರು. ಅಲ್ಲಿ ಸೆಲೆನಿಯಂ ತೀರಾ ಕಡಿಮೆ, ಹಾಗಾಗಿ 1980ರ ದಶಕದ ನಡುವಿನಿಂದ ಇಡೀ ದೇಶದ ರಸಗೊಬ್ಬರಕ್ಕೇ ಸೆಲೆನಿಯಂ ಬೆರೆಸುತ್ತಿದ್ದಾರೆ. ಗೋಧಿಗೆ, ಹುಲ್ಲಿಗೆ, ಹಾಲಿಗೆ, ಕೊನೆಗೆ ಜನರಿಗೆ, ಯಾರೂ ಒಂದು ಮಾತ್ರೆಯನ್ನೂ ನುಂಗದೆ ತಲುಪುತ್ತದೆ. ಅಚ್ಚುಕಟ್ಟು ಕೆಲಸ, ಆದರೆ ಅದನ್ನು ಕಣ್ಣುಮುಚ್ಚಿ ಇಲ್ಲಿಗೆ ತರುವ ಹಾಗಿಲ್ಲ.

ಯಾಕೆಂದರೆ ನಮ್ಮ ದೇಶದಲ್ಲೇ ಎನ್ಶಿಯಂಥ ಜಾಗ ಇದೆ. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ್ ಕಡೆ ಕೆಲವು ಹಳ್ಳಿಗಳ ಹೊಲದಲ್ಲಿ ಸೆಲೆನಿಯಂ ವಿಪರೀತ. ಶಿವಾಲಿಕ್ ಬೆಟ್ಟದಿಂದ ನೀರು ಹೊತ್ತು ತಂದ ಮಣ್ಣು ಅದು. ಅಲ್ಲಿನ ಮೇವು ತಿಂದ ದನ ಎಮ್ಮೆಗಳ ಗೊರಸು ಬಿರಿದು ಕಳಚುತ್ತದೆ, ಬಾಲದ ಕೂದಲು ಉದುರುತ್ತದೆ. ಲೂಧಿಯಾನದ ಕೃಷಿ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಇದನ್ನು ಅಳೆದು ಬರೆದಿಟ್ಟಿದ್ದಾರೆ. 2024ರ ಕೊನೆಗೆ, 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಕಡೆಯ ಹಳ್ಳಿಗಳಲ್ಲಿ ಮೂರ್ನಾಲ್ಕು ದಿನದಲ್ಲೇ ತಲೆ ಬೋಳಾದವರ ಫೋಟೋ ನೀವೂ ನೋಡಿರುತ್ತೀರಿ. ಚೇಳಿನ ವಿಷದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತರಾವ್ ಬಾವಸ್ಕರ್ ಅಲ್ಲಿಗೆ ಹೋಗಿ ಪರೀಕ್ಷೆ ಮಾಡಿಸಿ, ಪಡಿತರದ ಗೋಧಿಯಲ್ಲಿದ್ದ ಸೆಲೆನಿಯಂ ಕಾರಣ ಅಂದರು. ಪಂಜಾಬಿನ ಕಡೆಯವರು ಒಪ್ಪಲಿಲ್ಲ, ವಾದ ನಡೆಯಿತು. ಜಗಳ ಯಾರೇ ಗೆಲ್ಲಲಿ, ಹತ್ತು ವರ್ಷದ ಹಿಂದೆ ಯಾರೂ ಕೇಳದ ಸೆಲೆನಿಯಂ ಹೆಸರು ಹಳ್ಳಿ ಕಟ್ಟೆಗೂ ಬಂತು.

ನಿಮ್ಮ ಮನೆಯ ಚಪಾತಿ ಹಿಟ್ಟು ಯಾವ ರಾಜ್ಯದ ಹೊಲದ್ದು ಅಂತ ಪ್ಯಾಕೆಟ್ ಹೇಳುವುದಿಲ್ಲ. ಹತ್ತು ಕಡೆಯ ಗೋಧಿ ಬೆರೆತಿರುತ್ತದೆ, ಅದು ಒಂದು ರೀತಿಯಲ್ಲಿ ಒಳ್ಳೆಯದೇ, ಒಂದೇ ಮಣ್ಣಿನ ದೋಷ ನಮ್ಮ ತಲೆಗೆ ಬರುವುದಿಲ್ಲ. ಗೋಧಿ, ಬೇಳೆ, ಹಾಲು ಮೊಸರು, ಅಣಬೆ, ಸೂರ್ಯಕಾಂತಿ ಬೀಜ, ಎಲ್ಲದರಲ್ಲೂ ಅಷ್ಟಿಷ್ಟು ಸೆಲೆನಿಯಂ ಇದೆ. ಮೀನು ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ, ಒಂದು ಮೊಟ್ಟೆಯಲ್ಲಿ ಸುಮಾರು 15 ಮೈಕ್ರೋಗ್ರಾಂ, ಮಂಗಳೂರು ಕಡೆಯವರು ಬೂತಾಯಿ, ಬಂಗುಡೆ ಸಾರು ಊಟ ಮಾಡಿದ ದಿನ ಲೆಕ್ಕವೇ ಬೇಡ. ನಿಜವಾದ ಕೊರತೆ ನಾನು ಯೋಚಿಸುವುದು ಯಾರಲ್ಲಿ ಅಂದರೆ, ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು, ತುಂಬಾ ದಿನ ರಕ್ತನಾಳದ ಮೂಲಕವೇ ಆಹಾರ ಹೋದವರು, ಡಯಾಲಿಸಿಸ್‌ನಲ್ಲಿ ಇರುವವರು, ಕರುಳಿನ ಕಾಯಿಲೆಯಿಂದ ತಿಂದದ್ದು ಮೈಗೆ ಹತ್ತದವರು. ದಿನಾ ಎರಡು ಹೊತ್ತು ಊಟ ಮಾಡುವ, ಬೇರೆ ಕಾಯಿಲೆ ಇಲ್ಲದ ನಿಮ್ಮಂಥವರಲ್ಲಿ ಮೊದಲಿಗೆ ಅಲ್ಲ.

ಥೈರಾಯ್ಡ್ ಇದೆಯಲ್ಲ ನನಗೆ, ಅನ್ನುತ್ತೀರಿ. ಹಾಶಿಮೋಟೋ, ಅಂದರೆ ದೇಹದ ರಕ್ಷಣಾ ಪಡೆಯೇ ಥೈರಾಯ್ಡ್ ಮೇಲೆ ತಿರುಗಿಬೀಳುವ ಕಾಯಿಲೆ, ಇರುವವರಿಗೆ 200 ಮೈಕ್ರೋಗ್ರಾಂ ಕೊಟ್ಟಾಗ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಆ್ಯಂಟಿಬಾಡಿ ಇಳಿದಿದ್ದು ಹಲವು ಪ್ರಯೋಗದಲ್ಲಿ ಕಂಡಿದೆ. ಸಂಖ್ಯೆ ಇಳಿಯಿತು, ಸರಿ. ಆದರೆ ಅದರಿಂದ ಮಾತ್ರೆ ಬಿಡುವ ಹಾಗಾಯಿತಾ, ಸುಸ್ತು ಹೋಯಿತಾ ಅಂದರೆ ನಂಬುವಂಥ ಉತ್ತರ ಸಿಕ್ಕಿಲ್ಲ, ಅದಕ್ಕೇ ಎಲ್ಲರಿಗೂ ಬರೆಯುವ ರೂಢಿ ಇಲ್ಲ. ಉಪಯೋಗ ಚೆನ್ನಾಗಿ ಕಂಡದ್ದು ಇನ್ನೊಂದು ಕಡೆ, ಗ್ರೇವ್ಸ್ ಅನ್ನುವ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆಯಿಂದ ಕಣ್ಣು ಊದಿಕೊಂಡು ಮುಂದೆ ಬಂದಂತಾಗುವವರಲ್ಲಿ. 2011ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ 159 ಮಂದಿ ಇದ್ದರು. ಸೆಲೆನಿಯಂ ಸಿಕ್ಕವರಿಗೆ 100 ಮೈಕ್ರೋಗ್ರಾಂನಂತೆ ದಿನಕ್ಕೆರಡು ಸಲ, ಆರು ತಿಂಗಳು. ಅವರ ಕಣ್ಣಿನ ತೊಂದರೆ ಕಡಿಮೆಯಾಯಿತು. ಅದು ತೊಂದರೆ ಹಗುರವಾಗಿದ್ದವರಿಗೆ, ಆರೇ ತಿಂಗಳಿಗೆ, ಡಾಕ್ಟರ ಕಣ್ಣೆದುರಿಗೆ. ಇನ್ನೊಂದು ಎಚ್ಚರಿಕೆ ಆಫ್ರಿಕಾದ ಕಾಂಗೋದಿಂದ ಬಂತು. ಅಯೋಡಿನ್ನೂ ಇಲ್ಲ, ಸೆಲೆನಿಯಮ್ಮೂ ಇಲ್ಲ ಅನ್ನುವ ಹಳ್ಳಿಯ ಮಕ್ಕಳಿಗೆ ಬರೀ ಸೆಲೆನಿಯಂ ಕೊಟ್ಟಾಗ ಥೈರಾಯ್ಡ್ ಹಾರ್ಮೋನ್ ಇನ್ನೂ ಕುಸಿಯಿತು. ಮೊದಲು ಅಯೋಡಿನ್, ಆಮೇಲೆ ಉಳಿದದ್ದು. ಹಿಮಾಲಯದ ಪಿಂಕ್ ಉಪ್ಪು ಅಂತ ಹಿಂದೆ ಬಿದ್ದು ಅಯೋಡಿನ್ ಉಪ್ಪು ಬಿಟ್ಟಿದ್ದರೆ ವಾಪಸ್ ಬನ್ನಿ.

ಕ್ಯಾನ್ಸರ್ ತಡೆಯುತ್ತದೆ ಅನ್ನುವ ಮಾತೂ ಆ ರೀಲ್‌ನಲ್ಲಿ ಇದ್ದೇ ಇರುತ್ತದೆ. ಅಮೆರಿಕದಲ್ಲಿ 2001ರಲ್ಲಿ 35,533 ಗಂಡಸರನ್ನು ಸೇರಿಸಿಕೊಂಡು ಸೆಲೆಕ್ಟ್ ಅನ್ನುವ ದೊಡ್ಡ ಪ್ರಯೋಗ ಶುರು ಮಾಡಿದರು, ದಿನಕ್ಕೆ 200 ಮೈಕ್ರೋಗ್ರಾಂ, ನಿಮ್ಮ ಕ್ಯಾಪ್ಸೂಲಿನಷ್ಟೇ. ಪ್ರಾಸ್ಟೇಟ್ ಕ್ಯಾನ್ಸರ್ ಒಂದು ಚೂರೂ ಕಡಿಮೆಯಾಗಲಿಲ್ಲ, 2008ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಮೊದಲೇ ಸೆಲೆನಿಯಂ ಚೆನ್ನಾಗಿದ್ದವರಲ್ಲಿ ಮಾತ್ರೆಯಿಂದ ಉಗ್ರ ಬಗೆಯ ಕ್ಯಾನ್ಸರ್ ಹೆಚ್ಚಾಯಿತು ಅಂತ ಆಮೇಲೆ ತಿಳಿಯಿತು. ಅದಕ್ಕೂ ಹಿಂದಿನ ಇನ್ನೊಂದು ಅಮೆರಿಕದ ಪ್ರಯೋಗದಲ್ಲಿ, ಅದೇ 200 ತೆಗೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿತ್ತು. ಮನೆಯಲ್ಲಿ ಅಪ್ಪ ಅಮ್ಮನಿಗೆ ಶುಗರ್ ಇದ್ದರೆ ಇದನ್ನು ಎರಡು ಸಲ ಓದಿ.

ಕ್ಯಾಪ್ಸೂಲಿನ ಮೇಲೆ ಬರೆದಿರುವುದೇ ಒಳಗೆ ಇದೆ ಅಂತಲೂ ನಂಬಬೇಡಿ. 2008ರಲ್ಲಿ ಅಮೆರಿಕದಲ್ಲಿ ಒಂದು ದ್ರವರೂಪದ ಪೋಷಕ ಟಾನಿಕ್‌ನಲ್ಲಿ ಲೇಬಲ್‌ನಲ್ಲಿದ್ದ 200 ಮೈಕ್ರೋಗ್ರಾಂ ಬದಲು ಅದರ ಇನ್ನೂರು ಪಟ್ಟು ಸೆಲೆನಿಯಂ ಸೇರಿತ್ತು. 201 ಮಂದಿಗೆ ತೊಂದರೆಯಾಯಿತು, ಭೇದಿ, ಕೂದಲು, ಉಗುರು, ಕೀಲುನೋವು. ಮರುವರ್ಷ ಫ್ಲಾರಿಡಾದಲ್ಲಿ ಪೋಲೋ ಆಡುವ 21 ಕುದುರೆಗಳು ಒಟ್ಟಿಗೆ ಸತ್ತವು, ಅವಕ್ಕೆ ಬೆರೆಸಿಕೊಟ್ಟ ಔಷಧಿಯಲ್ಲಿ ಸೆಲೆನಿಯಂ ಅಳತೆ ತಪ್ಪಿತ್ತು.

ಈಗ ನಿಮ್ಮ ಕೂದಲಿಗೆ ಇರಬಹುದಾದ ಬೇರೆ ಕಾರಣಗಳಿಗೆ ಬರೋಣ. ನಿಮ್ಮ ಪತ್ರದಲ್ಲೇ ಒಂದು ಸುಳಿವು ಇದೆ, ನೀವೇ ಬರೆದಿದ್ದೀರಿ: ಎಲ್ಲ ಬೆಳಿಗ್ಗೆ ಒಟ್ಟಿಗೆ. ಮಲ್ಟಿವಿಟಮಿನ್‌ನಲ್ಲಿ ಸಾಮಾನ್ಯವಾಗಿ ಕಬ್ಬಿಣ, ಕ್ಯಾಲ್ಸಿಯಂ ಇರುತ್ತವೆ, ಅವು ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಹೋಗದ ಹಾಗೆ ಮಾಡುತ್ತವೆ. ಅಂದರೆ ಮೂರು ತಿಂಗಳಿಂದ ನಿಮ್ಮ ಥೈರಾಯ್ಡ್ ಮಾತ್ರೆ ಅರ್ಧಂಬರ್ಧ ಕೆಲಸ ಮಾಡುತ್ತಿರಬಹುದು. ಥೈರಾಯ್ಡ್ ಕಡಿಮೆಯಾದರೂ ಕೂದಲು ಉದುರುತ್ತದೆ ಅಲ್ವಾ! ಮಾತ್ರೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ ಮಾತ್ರ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಇರುವುದೇನಾದರೂ ಬೇಕಿದ್ದರೆ ನಾಲ್ಕು ಗಂಟೆ ಬಿಟ್ಟು. ಆರರಿಂದ ಎಂಟು ವಾರ ಹೀಗೆ ಮಾಡಿ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ) ನೋಡಿಸಿ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್‌ನ ಗಮ್ಮಿಯನ್ನೂ ಗುಟ್ಟಾಗಿ ತಿನ್ನುತ್ತಿದ್ದರೆ (ತಿನ್ನುವವರು ಬಹಳ, ಹೇಳುವವರು ಕಡಿಮೆ) ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಿಡಿ, ಅದು ಥೈರಾಯ್ಡ್ ರಿಪೋರ್ಟನ್ನೇ ತಲೆಕೆಳಗು ಮಾಡುತ್ತದೆ.

ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ನೋಡಿಸಿ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಕೂದಲು ಉದುರಲು ಸೆಲೆನಿಯಂ ಕೊರತೆಗಿಂತ ಕಬ್ಬಿಣದ ಕೊರತೆ ನೂರು ಪಾಲು ಹೆಚ್ಚು ಸಿಗುತ್ತದೆ, ಇದು ನನ್ನ ಅನುಭವದ ಮಾತು. ಮುಟ್ಟು ಜಾಸ್ತಿ ಹೋಗುತ್ತಿದೆಯಾ? ಉದುರಲು ಶುರುವಾಗುವ ಎರಡು ಮೂರು ತಿಂಗಳ ಮೊದಲು ಡೆಂಗಿ, ಟೈಫಾಯ್ಡ್, ಆಪರೇಷನ್, ತೂಕ ಇಳಿಸುವ ಪಥ್ಯ ಏನಾದರೂ? ಜ್ವರ ಬಂದಾಗ ಉದುರದ ಕೂದಲು ಜ್ವರ ಮರೆತ ಮೇಲೆ ಉದುರುತ್ತದೆ, ಅದಕ್ಕೆ ಯಾರೂ ಸಂಬಂಧ ಕಟ್ಟುವುದಿಲ್ಲ. ಸೆಲೆನಿಯಂ ರಕ್ತ ಪರೀಕ್ಷೆ ದೊಡ್ಡ ಲ್ಯಾಬುಗಳಲ್ಲಿ ಆಗುತ್ತದೆ, ನಿಮ್ಮಂಥ ಸಂದರ್ಭದಲ್ಲಿ ಮಾಡಿಸಿದರೆ ದಂಡವಲ್ಲ, ಆದರೆ ರಿಪೋರ್ಟ್ ಬರಲಿ ಆಮೇಲೆ ನಿಲ್ಲಿಸುತ್ತೇನೆ ಅಂತ ಕಾಯಬೇಡಿ.

ನಿಲ್ಲಿಸಿದ ಮೇಲೆ ಏನಾಗುತ್ತದೆ? ವಾಸನೆ ಮೊದಲು ಹೋಗುತ್ತದೆ. ಬ್ರೆಜಿಲ್ ನಟ್‌ನಲ್ಲಿರುವ ಸೆಲೆನಿಯಂ ಹೆಚ್ಚಾಗಿ ಸೆಲೆನೋಮೆಥಿಯೋನಿನ್ ರೂಪದ್ದು, ದೇಹ ಅದನ್ನು ಮಾಮೂಲಿ ಪ್ರೋಟೀನ್ ಅಂತ ತಿಳಿದು ಮಾಂಸಖಂಡದಲ್ಲಿ ಸೇರಿಸಿಡುತ್ತದೆ, ಹಾಗಾಗಿ ಪೂರ್ತಿ ಖಾಲಿಯಾಗಲು ತಿಂಗಳುಗಟ್ಟಲೆ ಬೇಕು. ಇಳಿಸಲು ಔಷಧಿ ಅಂತ ಏನೂ ಬೇಡ, 'ಡಿಟಾಕ್ಸ್' ಅಂತ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ, ಬಿಳಿ ಗೆರೆ ಮೇಲೆ ಹೋಗುತ್ತಾ ಹೋಗುತ್ತಾ ಐದಾರು ತಿಂಗಳಲ್ಲಿ ಕತ್ತರಿಗೆ ಸಿಗುತ್ತದೆ. ಹೊಸ ಗೆರೆ ಬುಡದಲ್ಲಿ ಬರದಿದ್ದರೆ ಸಾಕು.

ಡಬ್ಬದಲ್ಲಿ ಉಳಿದ ಬ್ರೆಜಿಲ್ ನಟ್ ಎಸೆಯಬೇಕಿಲ್ಲ. ನಾನೂ ತಿಂದು ನೋಡಿದ್ದೇನೆ, ಕೊಬ್ಬರಿಗೂ ಕಡಲೆಕಾಯಿಗೂ ನಡುವಿನ ರುಚಿ, ಚೆನ್ನಾಗಿರುತ್ತದೆ. ಮನೆಯ ದೊಡ್ಡವರಿಗೆ ವಾರಕ್ಕೆ ಒಂದೋ ಎರಡೋ ಕಾಳು ಹಂಚಿ, ಮಕ್ಕಳ ಕೈಗೆ ಡಬ್ಬ ಕೊಡಬೇಡಿ. ಅವರ ಮಿತಿ ನಮ್ಮದಕ್ಕಿಂತ ಎಷ್ಟೋ ಕೆಳಗಿದೆ. ನೀವು ಮಾತ್ರ ಆರು ತಿಂಗಳು ಮುಟ್ಟಬೇಡಿ. ನಾದಿನಿಗೆ ಬೇಜಾರಾಗುತ್ತದೆ ಅಂದರೆ, ಮುಂದಿನ ಸಲ ಖರ್ಜೂರ ತರಲು ಹೇಳಿ.

ಇನ್ನು ಶಾಂಪೂ. ಅದರಲ್ಲಿರುವುದು ಸೆಲೆನಿಯಂ ಸಲ್ಫೈಡ್, ತಲೆಹೊಟ್ಟಿಗೆ, ಬೆನ್ನಿನ ಮೇಲೆ ಬರುವ ಚಿಬ್ಬಿಗೆ ಹಳೆಯ, ನಂಬಿಕೆಯ ಔಷಧಿ. ಸರಿಯಾದ ಚರ್ಮದ ಮೂಲಕ ಅದು ಒಳಗೆ ಇಳಿಯುವುದಿಲ್ಲ ಅನ್ನಬಹುದು, ನಿಮ್ಮ ಲೆಕ್ಕಕ್ಕೆ ಸೇರಿಸಬೇಕಿಲ್ಲ, ಬಿಡಬೇಕಾಗಿಯೂ ಇಲ್ಲ. ತಲೆಯಲ್ಲಿ ಗಾಯ, ಕೆರೆದ ಹುಣ್ಣು ಇದ್ದರೆ ಆರುವ ತನಕ ಹಾಕಬೇಡಿ. ಡಾಕ್ಟರು ಹೇಳಿದಷ್ಟು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಹಚ್ಚುವ ಮೊದಲು ಉಂಗುರ, ಓಲೆ ತೆಗೆದಿಡಿ, ಬೆಳ್ಳಿಯದಾದರೆ ಕಪ್ಪಾಗುತ್ತದೆ.